ಶಟರ್‌ನ ಒಳಬದಿ

ಹೋದ ವಾರ ಬಿಳಿಕೆರೆಯಲ್ಲಿ ಹುಣಸೂರಿನ ಬಸ್ಸಿಗೆ ಕಾಯುತ್ತಿದ್ದಾಗ ಮಳೆ ಹಿಡಿಯಿತು. ರಸ್ತೆ ಬದಿಯ ಜೆರಾಕ್ಸ್ ಅಂಗಡಿಯವರು, "ಒಳಗ್ ಬನ್ನಿ ಮೇಡಂ, ಯಾಕ್ ನೆನೀತೀರಿ," ಎಂದು ಕರೆದು ಸ್ಟೂಲು ಕೊಟ್ಟರು. ಗಾಳಿ ತಿರುಗಿ ಎರಚಲು ಕಾಗದಗಳ ಮೇಲೆ ಬೀಳತೊಡಗಿದಾಗ ಅವರು ಕೊಕ್ಕೆಕೋಲು ತೆಗೆದುಕೊಂಡು ಶಟರನ್ನು ಮುಕ್ಕಾಲು ಪಾಲು ಕೆಳಗೆಳೆದರು. ಗ್ರೀಸು, ತುಕ್ಕು, ಒದ್ದೆ ಕಬ್ಬಿಣ ಮೂರೂ ಕಲೆತ ವಾಸನೆ ಮೂಗಿಗೆ ಬಡಿಯಿತು. ನಾನು ಎದ್ದೆ, ಸೊಂಟ ಬಗ್ಗಿಸಿ ಶಟರ್ ಕೆಳಗೆ ನುಸುಳಿ ಮಳೆಗೆ ಹೋಗಿ ನಿಂತೆ.

"ಅಯ್ಯೋ, ಏನಾಯ್ತು ಮೇಡಂ? ಹಲ್ಲಿ ಗಿಲ್ಲಿ ಬಿತ್ತಾ?"

"ಇಲ್ಲ, ಬಸ್ ಬಂತೇನೋ ಅಂದುಕೊಂಡೆ," ಎಂದೆ. ರಸ್ತೆ ಎರಡೂ ಕಡೆ ಖಾಲಿಯಿತ್ತು. ಅವರು ಅದನ್ನು ನೋಡಿದರು, ನನ್ನನ್ನೂ ನೋಡಿದರು.

ಎರಡು ವರ್ಷದ ಹಿಂದಿನ ಮಳೆಗಾಲ ಇನ್ನೂ ನನ್ನ ಮೈಯೊಳಗೆ ಹಾಗೇ ಕೂತಿದೆ.

ನಮ್ಮದು ಹುಣಸೂರಿನ ಹಳೇ ಪೇಟೆಯ ಮನೆ. ಮುಂದೆ ಅಂಗಡಿ, ಹಿಂದೆ ಸಂಸಾರ. ಅಂಗಡಿ ಎಂದರೆ ಹಾರ್ಡ್‌ವೇರ್: ಮೊಳೆ, ಪೈಪು, ಪೇಂಟು, ಹಗ್ಗ, ಬೀಗ. ಅಂಗಡಿಗೂ ಮನೆಗೂ ನಡುವೆ ಒಂದು ಹೊಸ್ತಿಲು, ಅದರ ಮೇಲೊಂದು ಹೂವಿನ ಪರದೆ. ಮದುವೆಯಾಗಿ ಬಂದ ವಾರವೇ ಅತ್ತೆ ಹೇಳಿದ್ದರು: "ಪರದೆ ಆಚೆಗಿಂದು ಗಂಡಸ್ರ ಯವಾರ ಕಣವ್ವ. ಮೊಳೆ ಬೇಕಾದ್ರೂ ಕೂಗಿ ಇಸ್ಕೊ, ನೀನಾಗಿ ಮುಟ್ಟಬ್ಯಾಡ." ಮೈಸೂರಿನ ಕಾನ್ವೆಂಟ್ ಹಾಸ್ಟೆಲಿನಲ್ಲಿ ಬೆಳೆದ ನನಗೆ ಕಟ್ಟಳೆಗಳು ಹೊಸದಾಗಿರಲಿಲ್ಲ. ಹದಿನಾರು ವರ್ಷ ಪರದೆಯ ಈಚೆಗೇ ನಿಂತು ಅಂಗಡಿಯ ಮಾತು ಕೇಳಿಸಿಕೊಂಡೆ.

ಹೆಂಗಸರು ಓಡಾಡಲು ಅಂಗಡಿಯ ಪಕ್ಕ ಒಂದು ಸಂದಿಯಿತ್ತು. ಒಬ್ಬರು ಹೋದರೆ ಇನ್ನೊಬ್ಬರು ಗೋಡೆಗಂಟಿ ನಿಲ್ಲಬೇಕು, ಅಷ್ಟು ಇಕ್ಕಟ್ಟು. ಅದರ ಬಾಯಿಗೆ ಮರದ ಬಾಗಿಲು, ಒಳಗಿನಿಂದ ಚಿಲಕ. ತರಕಾರಿಯವಳು, ಹಾಲಿನವನು, ಅರಿಶಿನ ಕುಂಕುಮಕ್ಕೆ ಕರೆಯಲು ಬರುವವರು ಎಲ್ಲರೂ ಅಲ್ಲಿಂದಲೇ ಬರುತ್ತಿದ್ದರು.

ಆ ವರ್ಷ ಮಳೆ ಶುರುವಾಗುವ ಮೊದಲು ನಮ್ಮಿಂದ ಮೂರನೇ ಮನೆಯಲ್ಲಿ ಕಳ್ಳತನವಾಯಿತು. ಅವರು ಪಿರಿಯಾಪಟ್ಟಣಕ್ಕೆ ಮದುವೆಗೆ ಹೋಗಿದ್ದರು. ಹಾಡಹಗಲೇ ಹಿತ್ತಿಲ ಬಾಗಿಲು ಮೀಟಿ, ಹಿತ್ತಾಳೆ ಪಾತ್ರೆ, ಬೆಳ್ಳಿ ದೀಪ, ಕೊನೆಗೆ ಅಡಿಗೆ ಮನೆಯ ಗ್ಯಾಸ್ ಸಿಲಿಂಡರನ್ನೂ ಹೊತ್ತುಕೊಂಡು ಹೋಗಿದ್ದರು. ಮರುದಿನದಿಂದ ನಮ್ಮ ಅಂಗಡಿಯಲ್ಲಿ ಬೀಗಕ್ಕೆ ಜನವೋ ಜನ. ನಮ್ಮ ಯಜಮಾನರು ಒಂದು ವಾರದಲ್ಲಿ ಇಡೀ ಬೀದಿಗೆ ಭದ್ರತೆಯ ಮೇಷ್ಟರಾಗಿಬಿಟ್ಟರು. ಮಧ್ಯಾಹ್ನ ವ್ಯಾಪಾರ ತೆಳುವಾದಾಗ ಮೊಬೈಲಿನಲ್ಲಿ ದೇಶ ದೇಶದ ಮನೆ, ಅಂಗಡಿಗಳ ವಿಡಿಯೊ ನೋಡುವುದು, ಊಟಕ್ಕೆ ಕೂತಾಗ ನಮಗೆ ಪಾಠ ಹೇಳುವುದು.

"ಸೌತ್ ಆಫ್ರಿಕಾದಲ್ಲಿ ನೋಡು, ಕಾಂಪೌಂಡ್ ಮೇಲೆ ಕರೆಂಟ್ ತಂತಿ. ಮನೆ ಒಳಗೂ, ಅಡಿಗೆ ಮನೆಗೂ ಮಲಗೋ ಕೋಣೆಗೂ ಮಧ್ಯ, ಕಬ್ಬಿಣದ ಗೇಟು. ರಾತ್ರಿ ಅದಕ್ಕೂ ಬೀಗ."

"ರಾತ್ರಿ ನೀರು ಕುಡೀಬೇಕು ಅಂದ್ರೆ?" ಅತ್ತೆ ಕೇಳಿದರು.

"ತಂಬಿಗೆ ಒಳಗೇ ಇಟ್ಕೋತಾರೆ ಕಣವ್ವ."

ಇನ್ನೊಂದು ದಿನ ಜಪಾನು. ಹೊಲದ ಬದಿಯಲ್ಲಿ ಒಂದು ಮರದ ಗೂಡು, ಅದರಲ್ಲಿ ಸೌತೆಕಾಯಿ, ಮೂಲಂಗಿ ಜೋಡಿಸಿಟ್ಟಿದೆ, ಪಕ್ಕದಲ್ಲೊಂದು ಡಬ್ಬಿ, ಕಾಯಲು ಯಾರೂ ಇಲ್ಲ. ಬಂದವರು ಕಾಸು ಹಾಕಿ ತರಕಾರಿ ತೆಗೆದುಕೊಂಡು ಹೋಗುತ್ತಾರೆ. ಅತ್ತೆ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಆ ಗೂಡನ್ನು ಬಹಳ ಹೊತ್ತು ನೋಡಿದರು. "ನಮ್ಮೂರಲ್ಲಾಗಿದ್ರೆ ದನ ತಿಂದ್ಕಂಡು ಹೋಗವು," ಎಂದರು.

ನನ್ನ ಹಾಸ್ಟೆಲಿನ ಮಲಯಾಳಿ ಗೆಳತಿ ಲಿಜಿ ಐರ್ಲೆಂಡಿನ ಒಂದು ಚಿಕ್ಕ ಊರಿನಲ್ಲಿ ನರ್ಸ್. ಭಾನುವಾರ ವಿಡಿಯೊ ಕಾಲ್ ಮಾಡುತ್ತಾಳೆ. ನಮ್ಮ ಬೀದಿಯ ಕಥೆ ಕೇಳಿ ಅವಳು ಫೋನ್ ತಿರುಗಿಸಿ ತನ್ನ ಬಾಗಿಲು ತೋರಿಸಿದಳು. ಅರ್ಧ ಗಾಜು. ಕಿಟಕಿಗಳಿಗೆ ಒಂದು ಸರಳೂ ಇಲ್ಲ.

"ಒದ್ದರೆ ಒಡೆದುಹೋಗುತ್ತಲ್ಲೇ," ಎಂದೆ.

"ಎಡೀ ವೀಣಾ, ಒಡೀಬಹುದು. ಆದ್ರೆ ಇಲ್ಲಿ ನೋಡು." ಬಾಗಿಲ ಒಳಗಡೆ ಒಂದು ಪುಟ್ಟ ಹಿತ್ತಾಳೆ ತಿರುಪು. "ಹೊರಗಿಂದ ಬರೋದಿಕ್ಕೆ ಕೀ ಬೇಕು. ಒಳಗಿಂದ ಹೋಗೋದಿಕ್ಕೆ ಬೇಡ. ಬೆಂಕಿ ಗಿಂಕಿ ಬಿದ್ರೆ ಕೀ ಹುಡುಕ್ತಾ ಕೂರಬಾರದು ಅಂತ ಮನೆ ಓನರ್ ಮೊದಲನೇ ದಿನವೇ ತೋರಿಸಿಕೊಟ್ಟ. ನಾನು ಹೊರಗೆ ಸಿಕ್ಕಿಹಾಕ್ಕೊಂಡು ನೈಟಿಯಲ್ಲಿ ಮಳೇಲಿ ನಿಂತಿದ್ದೀನಿ, ಒಳಗೆ ಯಾವತ್ತೂ ಸಿಕ್ಕಿಹಾಕ್ಕೊಂಡಿಲ್ಲ."

ಅಲ್ಲಿನ ಅಂಗಡಿಗಳು ಮುಚ್ಚಿದ ಮೇಲೂ ಗಾಜಿನ ಹಿಂದೆ ದೀಪ ಉರಿಯುತ್ತಿರುತ್ತದಂತೆ. ಒಳಗೆ ಯಾರಾದರೂ ಹೊಕ್ಕರೆ ದಾರಿಹೋಕರಿಗೆಲ್ಲ ಕಾಣಲಿ ಎಂದು. ಯಜಮಾನರಿಗೆ ಹೇಳಿದೆ. ನಕ್ಕರು. "ಅಲ್ಲಿ ನೋಡೋಕೆ ಬೀದೀಲಿ ಪೊಲೀಸರಿರ್ತಾರೆ ಕಣೇ. ಇಲ್ಲಿ ನಮ್ಮನ್ನ ನಾವೇ ನೋಡ್ಕೋಬೇಕು."

ಮನೆಗೆಲಸದ ಗೌರಿ ಪಾತ್ರೆ ತೊಳೆಯುತ್ತಾ ಇದನ್ನೆಲ್ಲ ಕೇಳುತ್ತಿದ್ದಳು. ಅವಳ ಊರು ಹೆಗ್ಗಡದೇವನಕೋಟೆ ಕಡೆ ಕಾಡಂಚಿನ ಹಾಡಿ. ಮಗಳ ಬಾಣಂತನಕ್ಕೆ ಹುಣಸೂರಿಗೆ ಬಂದವಳು ಕೆಲಸ ಹಿಡಿದು ಉಳಿದಿದ್ದಳು. "ನಮ್ಮಲ್ಲಿ ಬಾಗ್ಲಿಗೆ ಅಡ್ಡ ಒಂದು ಕೋಲು ಮಡಗ್ತೀವಿ ಕಣಕ್ಕ. ಕೋಲು ಇದ್ರೆ ಮನೇಲಿ ಯಾರೂ ಇಲ್ಲ ಅಂತ. ಯಾರೂ ಒಳೀಕ್ ಹೋಗಕಿಲ್ಲ."

"ಆನೆ ಬಂದ್ರೆ?" ಯಜಮಾನರು ಪರದೆಯಾಚೆಯಿಂದ ರೇಗಿಸಿದರು.

"ಆನೆಗೆ ನಿಮ್ ಬೀಗ ಮಾರಿ ನೋಡಿ ಸಾಮಿ," ಎಂದಳು ಗೌರಿ.

ನಗುನಗುತ್ತಲೇ ನಮ್ಮ ಮನೆ ಮುಚ್ಚಿಕೊಳ್ಳುತ್ತಾ ಬಂತು. ಮೊದಲು ಮನೆ ನಡುವಿನ ತೊಟ್ಟಿಯಂಗಳದ ಮೇಲಿನ ಆಕಾಶಕ್ಕೆ ಕಬ್ಬಿಣದ ಜಾಲರಿ ಬಂತು, ಮಳೆಗೆಂದು ಅದರ ಮೇಲೆ ಪ್ಲಾಸ್ಟಿಕ್ ಶೀಟು. ಹಿತ್ತಿಲಿಗೆ ಮಡಿಸುವ ಗೇಟು ಬಂತು. ವೆಲ್ಡಿಂಗಿನವನು ಬೀಗ ತೂರಿಸುವ ಕಿವಿಯನ್ನು ಹೊರಬದಿಗೆ ಕೂರಿಸಿದ. ಕೊನೆಗೆ ಸಂದಿಯ ಮರದ ಬಾಗಿಲನ್ನು ಕಿತ್ತು ಇಟ್ಟಿಗೆಯಿಂದ ಮುಚ್ಚಿದರು. "ಕಳ್ಳನಿಗೆ ಮೂರು ದಾರಿ ಯಾಕೆ," ಎಂದರು ಯಜಮಾನರು. ಆ ಸಂಜೆ ನಾನು ಅಭ್ಯಾಸಬಲದಿಂದ ರಂಗೋಲಿ ಬಟ್ಟಲು ಹಿಡಿದು ಸಂದಿಗೆ ಹೋಗಿ, ಹಸಿ ಸಿಮೆಂಟಿನ ಮುಂದೆ ನಿಂತು ವಾಪಸು ಬಂದೆ.

ಇನ್ನು ಅವರು ಸರಕಿಗೆ ಮೈಸೂರಿಗೋ, ಪೈಪು ಕೊಡಲು ಕೆ.ಆರ್. ನಗರಕ್ಕೋ ಹೊರಟಾಗ ನಾವೇನು ಮಾಡುವುದು? ಶಟರಿಗೆ ಹೊರಗಿನಿಂದಷ್ಟೇ ಬೀಗ. ಹಿತ್ತಿಲ ಗೇಟಿಗೂ ಹೊರಗಿನಿಂದಲೇ. ಎರಡೂ ಕೀಲಿ ಅವರ ಜೇಬಿನಲ್ಲಿ.

"ಒಂದು ಕೀಲಿ ನನ್ನ ಹತ್ತಿರ ಇರಲಿ," ಎಂದು ಕೇಳಿದೆ.

"ಕೀಲಿ ಒಳಗಿದ್ರೆ ಯಾರಾದ್ರೂ ಹೆದರಿಸಿ ತೆಗೆಸ್ತಾರೆ. ಇಲ್ಲದೇ ಇದ್ರೆ ಹೆದರಿಸಿ ಏನು ಪ್ರಯೋಜನ? ಸಾಮಾನು ಹೋದ್ರೆ ಹೋಗ್ಲಿ ಕಣೇ, ನಿಮ್ಮಿಬ್ಬರಿಗೆ ಏನೂ ಆಗಬಾರದು. ಒಳಗೆ ಜನ ಇದಾರೆ ಅಂತ್ಲೇ ಗೊತ್ತಾಗಬಾರದು. ಟಿವಿ ಸಣ್ಣಗೆ ಇಟ್ಕೊಳ್ಳಿ."

ಕೋಪದಿಂದ ಹೇಳಿದ್ದರೆ ಜಗಳವಾಡಬಹುದಿತ್ತು. ಅಷ್ಟು ಅಕ್ಕರೆಯಿಂದ ಹೇಳಿದ ಮಾತಿಗೆ ಏನೆಂದು ಎದುರಾಡುವುದು? ತಲೆಯಾಡಿಸಿದೆ.

ವಾರಕ್ಕೆರಡು ಸಲ, ಮೂರು ನಾಲ್ಕು ಗಂಟೆಯ ಹೊತ್ತು. ಶಟರ್ ದಡದಡನೆ ಇಳಿಯುವಾಗ ಪರದೆ ಒಮ್ಮೆ ಒಳಮುಖವಾಗಿ ಉಬ್ಬುತ್ತಿತ್ತು. ಆಮೇಲೆ ಕತ್ತಲೆ, ಗ್ರೀಸಿನ ವಾಸನೆ. ನಾನು ಹೊಸ್ತಿಲ ಈಚೆ ಕೂರುತ್ತಿದ್ದೆ. ಶಟರಿನಲ್ಲಿ ತುಕ್ಕು ತಿಂದ ಒಂದು ಸಣ್ಣ ತೂತಿತ್ತು. ಮಳೆ ಬಿಟ್ಟು ಬಿಸಿಲು ಬಂದಾಗ ಆ ತೂತಿನಿಂದ ಬೀದಿಯೆಲ್ಲ ತಲೆಕೆಳಗಾಗಿ ಎದುರಿನ ಗೋಡೆಯ ಮೇಲೆ ಬೀಳುತ್ತಿತ್ತು. ಎಂಟನೇ ಕ್ಲಾಸಿನಲ್ಲಿ ಸಿಸ್ಟರ್ ಬೂಟಿನ ಡಬ್ಬಿಗೆ ಸೂಜಿ ಚುಚ್ಚಿ ತೋರಿಸಿದ್ದು ಇದನ್ನೇ. ಪೇಂಟ್ ಡಬ್ಬಿಗಳ ಮೇಲೆ ಸೈಕಲ್ಲುಗಳು ಚಕ್ರ ಮೇಲಾಗಿ ಹೋಗುತ್ತಿದ್ದವು. ಒಂದು ದಿನ ಪಕ್ಕದ ಬೀದಿಯ ಹೆಂಗಸರು ಅರಿಶಿನ ಕುಂಕುಮಕ್ಕೆ ಕರೆಯಲು ಬಂದು, ಶಟರಿಗೆ ಬೀಗ ನೋಡಿ, "ಎಲ್ಲೋ ಹೋಗವ್ರೆ," ಎಂದು ಹೊರಟರು. ಅವರ ಸೀರೆಯ ಬಣ್ಣ ಕೂಡ ನನ್ನ ಗೋಡೆಯ ಮೇಲಿತ್ತು. ಕೂಗಬಾರದೆಂದಿತ್ತು. ಕೂಗಲಿಲ್ಲ.

ಇಲ್ಲಿ ಬೀಗದ ಒಂದು ಗುಟ್ಟು ಹೇಳಬೇಕು. ಅಗ್ಗದ ಬೀಗಗಳು ಡಜನ್ ಲೆಕ್ಕದಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿ ಬರುತ್ತವೆ, ಪ್ರತಿಯೊಂದರ ಕೊರಳಿಗೆ ಅದರದೇ ಎರಡು ಕೀಲಿಗಳನ್ನು ದಾರದಲ್ಲಿ ಕಟ್ಟಿರುತ್ತದೆ. ನೋಡಲು ಹನ್ನೆರಡು ಬೇರೆ ಬೇರೆ ಬೀಗ. ಕೀಲಿಯ ಹಲ್ಲು ಮಾತ್ರ ನಾಲ್ಕೈದು ತರ. ಒಮ್ಮೆ ಗಿರಾಕಿಯೊಬ್ಬ ಬಂದು, "ಸಾಮಿ, ನಿಮ್ ಬೀಗದ ಕೀಲಿ ನಮ್ ಪಕ್ಕದ್ಮನೆ ಬೀಗಕ್ಕೂ ಆಯ್ತದಲ್ಲ!" ಎಂದ. "ಹಂಗಾದ್ರೆ ಇಬ್ರೂ ಒಬ್ಬರ್ನೊಬ್ಬರು ಕಾಯ್ಕಳಿ," ಎಂದು ನಮ್ಮವರು ನಗಿಸಿ ಕಳಿಸಿದ್ದರು. ನಾನು ಪರದೆಯ ಈಚೆ ನಿಂತು ನಕ್ಕಿದ್ದೆ.

ಹಿತ್ತಿಲ ಗೇಟಿಗೆ ಅವರು ಹಾಕಿದ್ದು ಅಂಗಡಿಯಲ್ಲೇ ಅತಿ ದುಬಾರಿ ಬೀಗ. ಎರಡು ತಿಂಗಳ ಮಳೆಗೆ ಅದು ಕಚ್ಚಿಕೊಂಡುಬಿಟ್ಟಿತು. ಒಂದು ಬೆಳಿಗ್ಗೆ ಎಣ್ಣೆ ಬಿಟ್ಟು ಹೇಗೋ ತೆಗೆದು, ಅವಸರದಲ್ಲಿ ಗಲ್ಲೆಯ ಪಕ್ಕದ ಪೆಟ್ಟಿಗೆಯಿಂದ ಕೈಗೆ ಸಿಕ್ಕ ಬೀಗವೊಂದನ್ನು ಜಡಿದರು. "ಸದ್ಯಕ್ಕೆ," ಎಂದರು. ಬೀಗ ಮಾರುವವರ ಮನೆಯಲ್ಲಿ ಆ 'ಸದ್ಯಕ್ಕೆ' ಮೂರು ವಾರ ನಡೆಯಿತು.

ಆ ದಿನ ಅವರು ಕೆ.ಆರ್. ನಗರಕ್ಕೆ ಹೊರಟಾಗ ಬೆಳಗಿನ ಒಂಬತ್ತೂವರೆ. ಹಿತ್ತಿಲಿಗೆ ಬೀಗ ಹಾಕಿ, ಸುತ್ತಿ ಬಂದು ಶಟರ್ ಎಳೆದರು. ಮೊಬೈಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸ್ಕೂಟರಿನ ಸೀಟಿನ ಕೆಳಗಿಟ್ಟಿದ್ದರಂತೆ. ಕರೆಂಟು ಆಗಲೇ ಹೋಗಿತ್ತು. ಅತ್ತೆಗೆ ಹುಷಾರಿರಲಿಲ್ಲ, ಥಂಡಿ ಬಂದರೆ ಅವರಿಗೆ ಉಬ್ಬಸ. ಸ್ನಾನಕ್ಕೆ ಬಿಸಿನೀರು ಬೇಕೆಂದು ಬಚ್ಚಲಿನ ಹಂಡೆ ಒಲೆಗೆ ನಾನೇ ಬೆಂಕಿ ಹಾಕಿ, ಗಂಜಿ ಕಾಯಿಸಲು ಅಡಿಗೆ ಮನೆಗೆ ಬಂದೆ.

ಒಲೆಯ ಪಕ್ಕ ತೆಂಗಿನ ಸಿಪ್ಪೆಯ ಮೂಟೆಯನ್ನು ಇಟ್ಟವಳೂ ನಾನೇ. ಹಿತ್ತಿಲಲ್ಲಿ ನೆನೆಯುತ್ತದೆಂದು ಒಳಗೆ ತಂದಿದ್ದೆ.

ವಾಸನೆ ಬಂದು ಓಡಿದಾಗ ಮೂಟೆಗೆ ಬೆಂಕಿ ಹತ್ತಿ ಆಗಿತ್ತು. ಬಕೆಟ್ಟಿನಲ್ಲಿದ್ದ ನೀರನ್ನೆಲ್ಲ ಸುರಿದೆ. ಉರಿ ಅಡಗಿತು, ಹೊಗೆ ಎದ್ದಿತು. ಒದ್ದೆ ಸಿಪ್ಪೆಯ ಹೊಗೆ ದಟ್ಟ, ಹಳದಿ. ತೊಟ್ಟಿಯ ಮೇಲೆ ಪ್ಲಾಸ್ಟಿಕ್ ಶೀಟು. ಹೊಗೆ ಮೇಲೇರಿ, ಅದಕ್ಕೆ ತಾಗಿ, ಮತ್ತೆ ಕೆಳಗಿಳಿದು ಕೋಣೆ ಕೋಣೆಗೆ ಹರಡಿತು. ಕೋಲಿನಿಂದ ಶೀಟನ್ನು ತಿವಿದೆ. ಜಾಲರಿಯ ಮೇಲೆ ಕಟ್ಟಿದ್ದು ಬಿಚ್ಚಿಕೊಳ್ಳಲಿಲ್ಲ. ಅತ್ತೆಯ ಕೆಮ್ಮು ಕೇಳಿಸಿತು, ಆಮೇಲೆ ಕೆಮ್ಮೂ ನಿಂತು ಬರೀ ಸುಂಯ್ ಎಂಬ ಉಸಿರು.

ಅವರನ್ನು ತೋಳಿನಲ್ಲಿ ಎಳೆದುಕೊಂಡು ಹಿತ್ತಿಲ ಗೇಟಿನ ಹತ್ತಿರ ಕೂರಿಸಿದೆ. ಅವರು ಕಬ್ಬಿಣದ ಸರಳುಗಳ ನಡುವೆ ಬಾಯಿ ಒಡ್ಡಿ ಗಾಳಿ ಎಳೆದರು. ಬೆನ್ನ ಹಿಂದಿನಿಂದ ಹೊಗೆ ಅದೇ ಸರಳುಗಳ ಕಡೆಗೇ ಬರುತ್ತಿತ್ತು. ಯಜಮಾನರಿಗೆ ಫೋನ್ ಮಾಡಿದೆ. ರಿಂಗಾಯಿತು, ರಿಂಗಾಯಿತು, ನಿಂತಿತು. ಅಂಗಡಿಗೆ ಓಡಿ ಶಟರನ್ನು ಎರಡೂ ಕೈಯಿಂದ ಬಡಿದೆ. ಹೊರಗೆ ತಗಡಿನ ಮಾಡಿನ ಮೇಲೆ ಮಳೆ ಅದಕ್ಕಿಂತ ಜೋರಾಗಿ ಬಡಿಯುತ್ತಿತ್ತು. ಯಾರಾದರೂ ತಿರುಗಿ ನೋಡಿದ್ದರೂ ಬೀಗ ಕಾಣುತ್ತಿತ್ತು; ಒಳಗೆ ಜನವಿಲ್ಲ ಎಂದುಕೊಳ್ಳುತ್ತಿದ್ದರು. ಯಜಮಾನರು ಬಯಸಿದ್ದು ಅಕ್ಷರಶಃ ಹಾಗೆಯೇ ಆಗಿತ್ತು.

"ಅಕ್ಕಾ!"

ಹಿತ್ತಿಲ ಕಡೆಯಿಂದ ಗೌರಿಯ ಧ್ವನಿ. ಗೋಣಿಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಎಂದಿನಂತೆ ಪಾತ್ರೆಗೆ ಬಂದಿದ್ದಳು. ಆ ಕಡೆ ಓಣಿ, ಓಣಿಯಾಚೆ ಹೊಗೆಸೊಪ್ಪಿನ ಗೋಡೌನಿನ ಉದ್ದ ಗೋಡೆ, ಒಂದು ನರಪಿಳ್ಳೆಯಿಲ್ಲ. ಅವಳು ಸರಳಿನ ಆಚೆ ಮಂಡಿಯೂರಿ ಕೂತು, ಒದ್ದೆ ಸೆರಗನ್ನು ಅತ್ತೆಯ ಮೂಗಿಗೆ ಹಿಡಿದಿದ್ದಳು. "ಅವ್ವ, ನನ್ ಕಡೀಕೇ ಮಕ ಮಾಡಿ. ಉಸ್ರು ಬುಡಿ. ಅಕ್ಕ, ಬೀಗ ತೆಗೀರಿ!"

"ಕೀಲಿ ಇಲ್ಲ ಗೌರಿ."

"ಬೀಗದಂಗ್ಡೀಲಿ ಕೀಲಿ ಇಲ್ವಾ?"

ಅವಳು ಕೇಳಿದ್ದು ಬೆರಗಿನಿಂದ. ನನಗೆ ಪೆಟ್ಟಿಗೆ ನೆನಪಾಯಿತು. ಪಕ್ಕದ ಮನೆಗೂ ಆಗುವ ಕೀಲಿ ನೆನಪಾಯಿತು. ಆಗ ಓಡಿದೆ. ಹೊಸ್ತಿಲು ದಾಟಿ ಆಗಲೇ ಒಮ್ಮೆ ಶಟರಿನವರೆಗೆ ಹೋಗಿದ್ದರೂ ಸುತ್ತಲಿನ ಒಂದು ಸಾಮಾನನ್ನೂ ನಾನು ನೋಡಿರಲಿಲ್ಲ. ಗರಗಸದ ಬ್ಲೇಡುಗಳು, ಸುತ್ತಿಗೆ, ಹಾರೆ ಎಲ್ಲ ಅಲ್ಲೇ ನೇತಾಡುತ್ತಿದ್ದವು ಎಂಬುದು ಮರುದಿನ ನೆನಪಾಯಿತು. ಅವು ನನ್ನವಲ್ಲ ಎಂದು ಕಣ್ಣೇ ಕಲಿತುಬಿಟ್ಟಿತ್ತೇನೋ. ಮೊಬೈಲಿನ ಬೆಳಕಿನಲ್ಲಿ ಗಲ್ಲೆಯ ಪಕ್ಕದ ರಟ್ಟಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಏಳು ಬೀಗ ಉಳಿದಿದ್ದವು. ಪೆಟ್ಟಿಗೆಯನ್ನೇ ಎತ್ತಿಕೊಂಡು ಬಂದು, ಹಲ್ಲಿನಿಂದ ದಾರ ಕಡಿದು ಕೀಲಿ ಬಿಡಿಸಿದೆ.

ಸರಳಿನ ಸಂದಿಯಲ್ಲಿ ಕೈ ಹಾಕಿದರೆ ಬೀಗ ಬೆರಳ ತುದಿಗೆ ತಾಗುತ್ತಿತ್ತು, ತಿರುಗಿಸಲು ಮಣಿಕಟ್ಟು ಬಗ್ಗುತ್ತಿರಲಿಲ್ಲ. ಕೀಲಿಯನ್ನು ಗೌರಿಯ ಕೈಗೆ ಕೊಟ್ಟೆ.

"ಯಾವ್ ಕಡೀಕೆ ತಿರುವ್ಬೇಕಕ್ಕ? ನಾನು ಕೀಲಿ ತಿರುವಿದೋಳೇ ಅಲ್ಲ."

"ಬಲಗಡೆ. ತಿನ್ನೋ ಕೈ ಕಡೆ."

"ಬರ್ನಿಲ್ಲ."

"ಇದು ಹಾಕು."

"ಒಳೀಕೇ ಹೋಗಾಕಿಲ್ಲ."

"ಇದು."

ಅತ್ತೆಯ ತಲೆ ನನ್ನ ಮೊಣಕಾಲಿನ ಮೇಲೆ ವಾಲಿತು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಹಾಸ್ಟೆಲಿನಲ್ಲಿ ಕಲಿತ ಪ್ರಾರ್ಥನೆಯೂ ಅತ್ತೆ ಕಲಿಸಿದ ದೇವರನಾಮವೂ ನನ್ನ ಬಾಯಲ್ಲಿ ಕಲಸಿಹೋಗಿದ್ದವು. ಐದನೆಯ ಕೀಲಿಗೆ ಗೌರಿ, "ಅಕ್ಕ, ತಿರುಗ್ತು," ಎಂದಳು, ನಂಬಿಕೆಯಿಲ್ಲದವಳ ಹಾಗೆ ಮೆಲ್ಲಗೆ. ಆಮೇಲೆ ಗೇಟನ್ನು ಕಾಲಿನಿಂದ ಒದ್ದು ಮಡಿಸಿದಳು.

ಇಬ್ಬರೂ ಸೇರಿ ಅತ್ತೆಯನ್ನು ಮಳೆಯಲ್ಲೇ ಓಣಿಯ ತುದಿಯವರೆಗೆ ಎತ್ತಿಕೊಂಡು ಹೋದೆವು. ಒಬ್ಬ ಆಟೋದವನು ನಿಲ್ಲಿಸಿದ. ಆಸ್ಪತ್ರೆಯಲ್ಲಿ ಮಾಸ್ಕ್ ಹಾಕಿ, ಇಂಜೆಕ್ಷನ್ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಅತ್ತೆ ಕಣ್ಣು ಬಿಟ್ಟು, ಮಾಸ್ಕಿನೊಳಗಿನಿಂದಲೇ, "ಗಂಜಿ ಒಲೆ ಮ್ಯಾಲೇ ಬುಟ್ಯಾ?" ಎಂದರು. ಆಗ ನನಗೆ ಅಳು ಬಂತು.

ಯಜಮಾನರು ಓಡಿ ಬಂದರು. ಅಮ್ಮನ ಪಾದ ಹಿಡಿದುಕೊಂಡು ಕೂತರು. ಮುಖ ನೋಡಲಾಗುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಬೀಗ ಹೆಂಗೆ ಒಡೆದ್ರಿ?" ಎಂದು ಕೇಳಿದರು.

"ಒಡೀಲಿಲ್ಲ. ಪೆಟ್ಟಿಗೆಯಲ್ಲಿದ್ದ ಇನ್ನೊಂದು ಬೀಗದ ಕೀಲಿ ಹಾಕಿದೆವು. ಆಯ್ತು."

ಅವರು ಲೆಕ್ಕ ಹಾಕುವುದು ಕಾಣಿಸುತ್ತಿತ್ತು. ಆ ಪೆಟ್ಟಿಗೆಯಿಂದ ಯಾರ್‍ಯಾರಿಗೆ ಬೀಗ ಮಾರಿದ್ದಾರೋ, ಅವರಲ್ಲಿ ಯಾರಾದರೂ ಮೂರು ವಾರದಿಂದ ನಮ್ಮ ಹಿತ್ತಿಲನ್ನು ತೆರೆಯಬಹುದಿತ್ತು. ತೆರೆಯಲಾಗದಿದ್ದವರು ಒಳಗಿದ್ದ ನಾವಿಬ್ಬರೇ. "ಇನ್ನು ಒಳ್ಳೇ ಬೀಗ ತರ್ತೀನಿ, ಒಂದು ಕೀಲಿ ನಿನಗೂ," ಎಂದರು. ನಾನು ಗೋಡೆ ನೋಡಿದೆ.

ನಾಲ್ಕನೆಯ ದಿನ ಬೆಳಿಗ್ಗೆ, ಅತ್ತೆ ಆಸ್ಪತ್ರೆಯಿಂದ ಮನೆಗೆ ಬಂದ ಮಾರನೆಯ ದಿನ, ಅಂಗಡಿ ತೆರೆದು ಯಜಮಾನರು ಊದುಬತ್ತಿ ಹಚ್ಚುತ್ತಿದ್ದರು. ಅತ್ತೆ ಪರದೆ ಸರಿಸಿ, ಹೊಸ್ತಿಲು ದಾಟಿ, ಅಂಗಡಿಯ ಮೂಲಕವೇ ನಡೆದು ಹೋಗಿ ಹೊರಗಿನ ಕಟ್ಟೆಯ ಮೇಲೆ ಕೂತರು. ನನ್ನನ್ನೂ ಕರೆದರು.

"ಹಿತ್ಲು ಬೀಗ ಆಕಿದ್ದೀಯೇನ್ಲಾ?"

"ಹೂಂ ಕಣವ್ವ."

"ಎರಡೂ ಕೀಲಿ ವೀಣಾನ ಕೈಗ್ ಕೊಡು. ಮೊಬೈಲ್ನೂ ಕೊಡು. ವೀಣಾ, ಶಟರ್ ಎಳಿ."

ಅವರು ನಕ್ಕರು. "ಏನವ್ವ ಇದು, ಬೀದೀಲಿ…"

"ನಗಬ್ಯಾಡ. ಒಳೀಕ್ ನಡಿ."

ಎದುರಿನ ಟೀ ಅಂಗಡಿಯವರೂ ಗಿರಾಕಿಗಳೂ ನೋಡುತ್ತಿದ್ದರು. ನಾನು ಕೊಕ್ಕೆಕೋಲಿನಿಂದ ಶಟರ್ ಎಳೆದು ಬೀಗ ಹಾಕಿದೆ. ಹೊರಗಿನಿಂದ ಆ ಸದ್ದು ಇಷ್ಟು ಸಣ್ಣದು ಎಂದು ನನಗೆ ಗೊತ್ತಿರಲಿಲ್ಲ.

"ಎರಡು ಟೀ ಹೇಳು," ಎಂದರು ಅತ್ತೆ. ಎಪ್ಪತ್ತು ದಾಟಿದ ಅವರು ಬೀದಿಯಲ್ಲಿ ಕೂತು ಟೀ ಕುಡಿದದ್ದು ಅದೇ ಮೊದಲು. ಉಫ್ ಎಂದು ಆರಿಸಿಕೊಂಡು, ಹೋಗಿ ಬರುವವರನ್ನು ನೋಡುತ್ತಾ ಕುಡಿದರು. ಒಳಗೆ ಮೊದಲು ಡಬ್ಬಿ ಸರಿಸುವ ಸದ್ದು. ಆಮೇಲೆ ಏನೂ ಇಲ್ಲ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ, "ಅವ್ವಾ." ಅತ್ತೆ ಇನ್ನೊಂದು ಗುಟುಕು ಟೀ ಕುಡಿದರು. ಶಟರನ್ನು ಒಂದು ಸಲ ಮೆಲ್ಲಗೆ ತಟ್ಟಿದ್ದು ಕೇಳಿಸಿತು. ಆಮೇಲೆ, "ವೀಣಾ."

ಹದಿನಾರು ವರ್ಷದಲ್ಲಿ ನಾನು 'ಏನೇ', 'ನೋಡೇ' ಆಗಿದ್ದೆ. ಅವರ ಬಾಯಲ್ಲಿ ನನ್ನ ಹೆಸರು ಕೇಳಿ ಟೀ ಅಂಗಡಿಯವರು ಕೂಡ ತಲೆಯೆತ್ತಿದರು. ಅತ್ತೆ ನನ್ನ ಕೈಯಲ್ಲಿದ್ದ ಕೀಲಿಯನ್ನು ನೋಡಿದರು. ನನ್ನ ಲೋಟದಲ್ಲಿ ಇನ್ನೂ ಅರ್ಧ ಟೀ ಇತ್ತು. ಬಿಸಿಯಿತ್ತು. ಅದನ್ನು ಪೂರ್ತಿ ಕುಡಿದು ಎದ್ದೆ.

ಶಟರ್ ಎತ್ತಿದಾಗ ಅವರು ಹೊಸ್ತಿಲ ಪಕ್ಕ, ನಾನು ಕೂರುತ್ತಿದ್ದ ಜಾಗದಲ್ಲೇ ನಿಂತಿದ್ದರು. ನನ್ನ ಮುಖ ನೋಡಲಿಲ್ಲ. ಗೋಡೆಯಿಂದ ಒಂದು ದೊಡ್ಡ ಸುತ್ತಿಗೆ ಇಳಿಸಿಕೊಂಡು, ನಮ್ಮನ್ನು ದಾಟಿ, ಸಂದಿಯ ಕಡೆಗೆ ಹೋದರು. ಮೊದಲ ಇಟ್ಟಿಗೆ ಬಿದ್ದದ್ದನ್ನು ನಾವು ಕಟ್ಟೆಯ ಮೇಲಿಂದಲೇ ಕೇಳಿದೆವು.

ಮರದ ಬಾಗಿಲು ಮತ್ತೆ ಬಂತು, ಒಳಗಿನ ಚಿಲಕದೊಂದಿಗೆ. ಲಿಜಿಗೆ ವಿಡಿಯೊದಲ್ಲಿ ತೋರಿಸಿದೆ. ಗೌರಿ ಮಾತ್ರ ಆ ಐದನೆಯ ಕೀಲಿಯನ್ನು ಕೇಳಿ ಇಸಿದುಕೊಂಡು ತಾಳಿಯ ದಾರಕ್ಕೆ ಪೋಣಿಸಿಕೊಂಡಳು. "ಕೀಲಿ ಆಯ್ತು ಸಾಮಿ, ಇನ್ನು ಬಾಗ್ಲು ಒಂದು ಕೊಡ್ಸಿ," ಎಂದು ಯಜಮಾನರನ್ನು ಈಗಲೂ ಕಾಡುತ್ತಾಳೆ.

ಬಿಳಿಕೆರೆಗೆ ಬಸ್ಸು ಬಂದಾಗ ನಾನು ಪೂರ್ತಿ ನೆನೆದಿದ್ದೆ. ಒಳಗೆ ಸೀಟುಗಳು ಖಾಲಿಯಿದ್ದವು. ಕಂಡಕ್ಟರ್, "ಒಳಕ್ ನಡೀರಮ್ಮ, ಕೂತ್ಕಳಿ, ಹುಣಸೂರು ದೂರ ಐತೆ," ಎಂದರು. "ಇರಲಿ," ಎಂದು ಬಾಗಿಲ ಪಕ್ಕದ ಕಂಬಿ ಹಿಡಿದು, ಮುಖಕ್ಕೆ ಎರಚಲು ಹೊಡೆಸಿಕೊಳ್ಳುತ್ತಾ ಊರವರೆಗೂ ನಿಂತೇ ಬಂದೆ.